ಬೀಳಬೇಕಾದ ಬಿಲ್ಡಿಂಗಿನ ಸೆಕ್ರೆಟರಿ

ನಮ್ಮ ಸೊಸೈಟಿಯ ಸೆಕ್ರೆಟರಿ ತೀರಿಕೊಂಡ. ಗೇಟಿನ ಹತ್ತಿರದ ನೋಟಿಸ್ ಬೋರ್ಡಿಗೆ ಆತನ ಫೋಟೊ ಅಂಟಿಸಿ, ಅದಕ್ಕೊಂದು ಪ್ಲಾಸ್ಟಿಕ್ ಮಾಲೆ ಹಾಕಿದರು. ಶೋಕಸಭೆಯ ಹಿಂದಿನ ದಿನ ಚೇರ್ಮನ್ನು ನಮ್ಮ ಮನೆಗೆ ಬಂದು, "ಭಾಭೀಜಿ, ಆಪ್ ಭೀ ಕನ್ನಡಾ, ವೊ ಭೀ ಕನ್ನಡಾ, ದೋ ಶಬ್ದ್ ಆಪ್ ಹೀ ಬೋಲಿಯೇ" ಅಂದರು. ಎರಡು ಶಬ್ದವೇನು, ನನ್ನ ಹತ್ತಿರ ರಾಶಿಗಟ್ಟಲೆ ಇದ್ದವು. ಆದರೆ ಹಾರ ಹಾಕಿದ ಫೋಟೊದ ಎದುರು ಆಡುವಂಥವು ಒಂದೂ ಇರಲಿಲ್ಲ. ಮಂಡಿನೋವು ಅಂತ ಹೇಳಿ ಮನೆಯಲ್ಲೇ ಕೂತೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ನನ್ನ ಕಡೆಯಿಂದ ಆತನಿಗೆ ಅಷ್ಟು ಮರ್ಯಾದೆ ಸಾಕು.

ನಾನು ಧಾರವಾಡದವಳು, ನನ್ನ ಗಂಡ ಬೆಳಗಾವಿಯವರು. ಅವರಿಗೆ ವಿಕ್ರೋಳಿಯಲ್ಲಿ ಕಂಪನಿಯ ಕೆಲಸ, ನನಗೆ ಕುರ್ಲಾದ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಅದೂ ಇದೂ ಕೂಡಿಸಿ ಮುಲುಂಡಿನಲ್ಲಿ ಎರಡನೇ ಮಾಳಿಗೆಯ ಈ ಮನೆ ಹಿಡಿದೆವು. ಸಾಮಾನು ಇಳಿಸುವಾಗ ಕೆಳಗೆ ನಿಂತಿದ್ದ ಒಬ್ಬ ಕುಳ್ಳ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿಯವನು, "ಯಾವೂರ್ರೀ ನಿಮ್ಮದು?" ಅಂತ ಕನ್ನಡದಲ್ಲಿ ಕೇಳಿದ. ವಿಜಯಪುರದ ಕಡೆಯವನಂತೆ, ಈ ಬಿಲ್ಡಿಂಗಿನ ಸೆಕ್ರೆಟರಿಯಂತೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ದೊಡ್ಡ ಊರಿನಲ್ಲಿ ನಮ್ಮ ಮಾತಿನವನೇ ಸೆಕ್ರೆಟರಿ, ಇನ್ನೇನು ಬೇಕು ಅಂದುಕೊಂಡೆ. ಎಂಥಾ ಹುಚ್ಚಿ ನಾನು!

ಆತನ ಎಡಗೈಯಲ್ಲಿ ಯಾವಾಗಲೂ ಮನೆಯ ಕೀಲಿಕೈ ಇರುತ್ತಿತ್ತು, ಉದ್ದನೆಯ ಹಿತ್ತಾಳೆಯದು. ನಮ್ಮ ಬಿಲ್ಡಿಂಗಿನ ಬಾಗಿಲು ಕಿಟಕಿಗಳೆಲ್ಲ ಕಟ್ಟಿದಾಗಿನ ಮರದವು. ಯಾರಾದರೂ ಕಿಟಕಿ ಬದಲಿಸುತ್ತೇನೆ ಅಂದರೆ ಸೊಸೈಟಿಯ ಪರವಾನಗಿ ಬೇಕು, ಸೊಸೈಟಿ ಅಂದರೆ ಈತ. ಬರುತ್ತಿದ್ದ, ಚಪ್ಪಲಿ ಹೊರಗೆ ಬಿಡುತ್ತಿದ್ದ, ಕೂತುಕೊಳ್ಳಿ ಅಂದರೆ ಕೂಡುತ್ತಿರಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ ಕೀಲಿಕೈಯಿಂದ ಚೌಕಟ್ಟನ್ನು ಟಕ್ ಟಕ್ ಅಂತ ಬಡಿದು, ಕಿವಿಯಿಟ್ಟು ಕೇಳುತ್ತಿದ್ದ. ಡಾಕ್ಟರು ಬೆನ್ನು ಬಡಿದು ನೋಡುತ್ತಾರಲ್ಲ, ಹಾಗೆ. ಆಮೇಲೆ ಕಣ್ಣು ಮುಚ್ಚಿ, "ಇನ್ನೊಂದು ಮಳಿಗಾಲ ತಡಿತೈತಿ ಬಿಡ್ರಿ" ಅನ್ನುತ್ತಿದ್ದ. ಕೀಲಿಕೈ ಮರದೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿದರೂ ಅದೇ ಮಾತು. ಗೆದ್ದಲು ಆತನ ಬೆರಳಿನ ಮೇಲೆ ಹರಿದಾಡುತ್ತಿರುವಾಗಲೂ ಅದೇ ಮಾತನ್ನು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾರಣ ಏನೆಂದರೆ ರಿಡೆವಲಪ್‌ಮೆಂಟ್. ಮುಂಬೈಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹಳೆಯ ಬಿಲ್ಡಿಂಗನ್ನು ಬಿಲ್ಡರ್ ಕೆಡವುತ್ತಾನೆ, ಅದೇ ಜಾಗದಲ್ಲಿ ಮುಗಿಲಿಗೆ ಮುಟ್ಟುವಂಥದ್ದು ಕಟ್ಟುತ್ತಾನೆ, ಹಳಬರಿಗೆ ಪುಕ್ಕಟೆ ಹೊಸ ಮನೆ ಕೊಡುತ್ತಾನೆ, ಮಿಕ್ಕದ್ದನ್ನು ಮಾರಿಕೊಳ್ಳುತ್ತಾನೆ. ಈ ಆಸೆ ಒಮ್ಮೆ ಹೊಕ್ಕಿತೆಂದರೆ ಮುಗಿಯಿತು, ಯಾರೂ ಮನೆಗೊಂದು ಮೊಳೆ ಹೊಡೆಯುವುದಿಲ್ಲ. ನಳ ಸೋರಿದರೆ ಸೋರಲಿ, ಬಿಲ್ಡಿಂಗ್ ಹೋಗೂದೈತಿ. ಬಾಗಿಲು ಕೊಳೆತರೆ ಕೊಳೆಯಲಿ, ಬಿಲ್ಡಿಂಗ್ ಹೋಗೂದೈತಿ. ನಾವು ಬಂದಾಗಿನಿಂದ ಹೋಗುತ್ತಲೇ ಇರುವ ಬಿಲ್ಡಿಂಗ್ ಇದು. ಇವತ್ತು ಇದನ್ನು ಬರೆಯುವಾಗಲೂ ಅದರೊಳಗೇ ಕೂತಿದ್ದೇನೆ.

ಆದರೆ ಉಳಿದ ಸೊಸೈಟಿಗಳಿಗೂ ನಮ್ಮದಕ್ಕೂ ಒಂದು ಫರಕು ಇತ್ತು. ಬೇರೆ ಕಡೆ ಜನ ಜಿಪುಣತನದಿಂದ ರಿಪೇರಿ ಮಾಡಿಸುವುದಿಲ್ಲ. ನಮ್ಮಲ್ಲಿ ಅದೊಂದು ನೇಮವಾಗಿತ್ತು. ಒಮ್ಮೆ ಜನರಲ್ ಮೀಟಿಂಗಿನಲ್ಲಿ ಈತ ಎದ್ದು ನಿಂತು ಮೊದಲು ಹಿಂದಿಯಲ್ಲಿ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದ: "ಎಲ್ಲಾರೂ ಹೊಸ ಖಿಡಕಿ ಹಾಕ್ಕೊಂಡ್ರ ಬಿಲ್ಡಿಂಗ್ ಛಲೋ ಕಾಣತೈತಿ. ಛಲೋ ಕಾಣೂ ಬಿಲ್ಡಿಂಗ್ ಕೆಡವಾಕ ಯಾರು ಪರ್ಮಿಶನ್ ಕೊಡತಾರ? ಮುನಸಿಪಾಲಿಟಿ ಇಂಜಿನಿಯರ್ ಬಂದು ನೋಡಿದ್ರ ಅವನ ಎದಿ ಝಲ್ ಅನ್ನಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ನಾವು ಬಿಲ್ಡಿಂಗನ್ನು ಕೆಟ್ಟದಾಗಿ ಕಾಣುವಂತೆ ಕಾಯ್ದುಕೊಂಡು ಬಂದೆವು. ಗೋಡೆಗೆ ಬಣ್ಣ ಬಳಿದವರಿಗೆ ಈತ ಬಯ್ಯುತ್ತಿದ್ದ. ಮಳೆಗಾಲ ಬಂದರೆ ಪ್ರತಿ ಕಿಟಕಿಗೂ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿ, ಹಗ್ಗ ಬಿಗಿದು, ಕತ್ತಲಲ್ಲಿ ಕೂಡುತ್ತಿದ್ದೆವು. ರಿಕ್ಷಾದವರಿಗೆ "ನೀಲಾ ಬಿಲ್ಡಿಂಗ್" ಅಂದರೆ ಸಾಕು, ಸರಿಯಾಗಿ ತಂದು ಬಿಡುತ್ತಿದ್ದರು.

ಮೇಲಿನ ಮಾಳಿಗೆಯ ಮರಾಠಿಯವರ ಮಗಳ ನಿಶ್ಚಯದ ಕಥೆ ಹೇಳಬೇಕು. ಅವರ ಮುಂಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಂಡಿನ ಕಡೆಯವರು ಬರುವ ಮೊದಲು ಬಾಗಿಲು ಬದಲಿಸುತ್ತೇವೆ ಅಂತ ಆ ತಾಯಿ ಈತನ ಕೈಕಾಲು ಹಿಡಿದಳು. ಈತ ಹೋದ, ಬಡಿದ, ಕಿವಿಯಿಟ್ಟ, ತೀರ್ಪು ಕೊಟ್ಟ. ನಿಶ್ಚಯದ ದಿನ ಗಂಡಿನ ಕಡೆಯವರು ತೆಂಗಿನಕಾಯಿ, ಸೀರೆಯ ತಾಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ, ಬಾಗಿಲು ತೆಗೆಯಲೊಲ್ಲದು. ಒಳಗಿನವರು ಎಳೆಯುತ್ತಾರೆ, ಹೊರಗಿನವರು ತಳ್ಳುತ್ತಾರೆ. ಕಡೆಗೆ ಮದುಮಗನೇ ಹೆಗಲು ಕೊಟ್ಟು ನುಗ್ಗಿದ, ಬಾಗಿಲಿನ ಸಮೇತ ಒಳಗೆ ಹೋಗಿ ಬಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ತಾಯಿ ಮಾತ್ರ ಅಡಿಗೆಮನೆಯಲ್ಲಿ ನಿಂತು ಅಳುತ್ತಿದ್ದಳು. ಈತ ಬಿದ್ದ ಬಾಗಿಲನ್ನು ಕೀಲಿಕೈಯಿಂದ ಬಡಿದು ನೋಡಿ, "ಬಿಜಾಗರಿ ಅಷ್ಟ ಹೋಗ್ಯಾವ, ಕಟಗಿ ಗಟ್ಟಿ ಐತಿ" ಅಂದ. ನಾಚಿಕೆ ಬೇಕಲ್ಲ ಮನುಷ್ಯನಿಗೆ!

ಈತನಿಗೆ ಹೊಸ ಬಿಲ್ಡಿಂಗು ಕಣ್ಣ ಮುಂದೇ ಇತ್ತು. ಬಿಲ್ಡರುಗಳು ಬಂದರು, ಬಣ್ಣದ ಚಿತ್ರ ತೋರಿಸಿದರು, ಪೇಢೆ ಹಂಚಿದರು, ಹೋದರು. ಈತ ಮಾತ್ರ ಹೊಸ ಮನೆಯೊಳಗೆ ಓಡಾಡುತ್ತಲೇ ಇದ್ದ. ಮೆಟ್ಟಿಲ ಮೇಲೆ ಸಿಕ್ಕರೆ ನಿಲ್ಲಿಸಿ, "ನಿಮ್ಮ ಹಾಲ್‌ನ ಒಂದು ಗ್ವಾಡಿ ತುಂಬ ಗಾಜಿನ ಖಿಡಕಿ ಬರತೈತ್ರಿ. ಡೊಂಗರ, ಗುಡ್ಡಾ ಎಲ್ಲಾ ಕಾಣತೈತಿ" ಅನ್ನುತ್ತಿದ್ದ. ಹಾಗೆ ಹೇಳುವಾಗ ಆತನ ಮುಖ ಮಕ್ಕಳ ಮುಖದ ಹಾಗೆ ಆಗುತ್ತಿತ್ತು ಅಂತ ನನ್ನ ಗಂಡ ಹೇಳುತ್ತಾರೆ. ಅವರಿಗೆ ಎಲ್ಲರಲ್ಲೂ ಏನಾದರೊಂದು ಒಳ್ಳೆಯದು ಕಾಣುತ್ತದೆ. ನನಗೆ ಕಾಣುತ್ತಿದ್ದದ್ದು ನಮ್ಮ ಬೆಡ್‌ರೂಮಿನ ಗೋಡೆ ಮಾತ್ರ.

ಈಗ ಆ ಗೋಡೆಯ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ನಗಿಸುತ್ತಾ ಬಂದೆ, ಇನ್ನು ನಗು ಬರುವುದಿಲ್ಲ.

ನನ್ನ ಗಂಡನಿಗೆ ಚಿಕ್ಕಂದಿನಿಂದ ಉಬ್ಬಸ. ಔಷಧ ತಗೊಂಡು, ಪಂಪು ಜೇಬಿನಲ್ಲಿಟ್ಟುಕೊಂಡು, ಲೋಕಲ್ ಟ್ರೇನಿನಲ್ಲಿ ಜೋತಾಡಿ ನೌಕರಿ ಮುಗಿಸಿದವರು. ಮನೆಯಲ್ಲಿ ಕೂತಮೇಲೆ ಅದು ಏರಿತು. ಬೆಡ್‌ರೂಮಿನ ಕಿಟಕಿಯ ಚೌಕಟ್ಟು ಕೊಳೆತು ಗೋಡೆಯಿಂದ ಬಿಟ್ಟುಕೊಂಡಿತ್ತು. ಆ ಸಂದಿನಿಂದ ಮಳೆನೀರು ಗೋಡೆಯೊಳಗೇ ಇಳಿದು, ಪಲಂಗದ ತಲೆಯ ಹತ್ತಿರ ಅಷ್ಟಗಲ ಕಪ್ಪು ಬೂಸಲು ಹಬ್ಬಿತ್ತು. ನಾನು ಒರೆಸುತ್ತಿದ್ದೆ, ಮತ್ತೆ ಬರುತ್ತಿತ್ತು. ಡಾಕ್ಟರಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿದಾಗ ಅವರು ಬರೆಯುವ ಪೆನ್ನು ಕೆಳಗಿಟ್ಟು, "ಮೊದಲು ಆ ಕಿಟಕಿ ಬದಲಿಸಿ, ಗೋಡೆ ಒಣಗಿಸಿ, ಆಮೇಲೆ ನನ್ನ ಔಷಧ. ಈ ಬೂಸಲು ಇವರ ಎದೆಯೊಳಗೆ ಹೋಗ್ತಿದೆ" ಅಂದರು. ಅದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ?

ಅವತ್ತೇ ಈತನ ಬಾಗಿಲು ಬಡಿದೆ. ಬಂದ. ನನ್ನ ಗಂಡ ಪಲಂಗದ ಮೇಲೆ ಎರಡು ದಿಂಬು ಹಚ್ಚಿಕೊಂಡು ಕೂತು ಉಸಿರು ಎಳೆಯುತ್ತಿದ್ದರು. ಆ ಎಳೆತ ಹಾಲಿನವರೆಗೂ ಕೇಳುತ್ತಿತ್ತು. ಈತ ಅವರ ಕಡೆ ನೋಡಿ "ಹೆಂಗದೀರಿ ಸರ" ಅಂತ ಕೇಳಿದ, ಕಿಟಕಿಯ ಹತ್ತಿರ ಹೋದ, ಬಡಿದ, ಕಿವಿಯಿಟ್ಟ. ಗಂಡನ ಎದೆಯ ಸಪ್ಪಳ ಕೇಳದ ಕಿವಿಗೆ ಕಟ್ಟಿಗೆಯ ಸಪ್ಪಳ ಕೇಳುತ್ತಿತ್ತು.

"ಯವ್ವಾ ತಂಗಿ, ಇನ್ನೊಂದು ಮಳಿಗಾಲ..."

"ಮಳಿಗಾಲದ ಸುದ್ದಿ ಬಿಡ್ರಿ. ಡಾಕ್ಟರ್ ಹೇಳ್ಯಾರ. ಖಿಡಕಿ ತಗಸೂದದ" ಅಂದೆ.

"ನಿಮಗ ಕೊಟ್ರ ಎಲ್ಲಾರಿಗೂ ಕೊಡಬೇಕಾಕೈತಿ. ಇಂಜಿನಿಯರ್ ಬರೂದೈತಿ ಈ ವರ್ಷ. ಈಗ ಒಂದು ಹೊಸ ಖಿಡಕಿ ಕಂಡ್ರ ಎಲ್ಲಾ ಕೆಲಸ ಕೆಡತೈತಿ. ಸರ್‌ನ ಹಾಲಿನ್ಯಾಗ ಮಲಗಸ್ರಿ."

"ಹಾಲಿನ ಖಿಡಕಿ ಏನು ಬಂಗಾರದ್ದೇನ್ರೀ? ಅದೂ ಕೊಳತದ."

"ತಾಡಪತ್ರಿ ಡಬಲ್ ಹಾಕ್ರಿ" ಅಂತ ಹೇಳಿ ಚಪ್ಪಲಿ ಮೆಟ್ಟಿದ.

ನನ್ನ ಜನ್ಮದಲ್ಲಿ ಒಬ್ಬ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬಂದದ್ದಿಲ್ಲ. ಆತ ಬೈದಿದ್ದರೆ ನಾನೂ ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಆತ ಬಯ್ಯಲಿಲ್ಲ. ತಂಗಿ ಅಂದ, ಸರ್ ಅಂದ, ನಮ್ಮ ಊರಿನ ಮಾತಿನಲ್ಲಿ ಅಕ್ಕರೆಯಿಂದ ಬೇಡ ಅಂದ. ಆ ಅಕ್ಕರೆ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಆ ಮಳೆಗಾಲ ತಾಡಪತ್ರಿ ಡಬಲ್ ಹಾಕಿ ಕಳೆದೆವು. ಇಂಜಿನಿಯರ್ ಬರಲಿಲ್ಲ. ಅದರ ಮುಂದಿನ ಮಳೆಗಾಲವೂ ಹಾಗೇ ಹೋಯಿತು. ನನ್ನ ಗಂಡ ಮೆಟ್ಟಿಲು ಇಳಿಯುವುದನ್ನು ಬಿಟ್ಟರು.

ಮೂರನೆಯ ಮಳೆಗಾಲ ಶುರುವಾಗುವಷ್ಟರಲ್ಲಿ ನಾನು ಗಟ್ಟಿ ಮನಸ್ಸು ಮಾಡಿದೆ. ಯಾರ ಪರವಾನಗಿಯೂ ಬೇಡ, ಏನು ಮಾಡುತ್ತಾರೋ ಮಾಡಲಿ ಅಂತ ಭಾಂಡೂಪಿನ ಒಬ್ಬ ಮಿಸ್ತ್ರಿಗೆ ಅಲ್ಯುಮಿನಿಯಂ ಕಿಟಕಿ ಮಾಡಲು ಹೇಳಿದೆ. ಕೂಡಿಸುವ ದಿನ ಬೆಳಿಗ್ಗೆ ಮೋಡವಿರಲಿಲ್ಲ. ಮಿಸ್ತ್ರಿ ಬಂದು ಹಳೆಯ ಕಿಟಕಿಯನ್ನು ಕಿತ್ತ. ಕೀಳುವುದೇನು ಬಂತು, ಕೈ ಹಚ್ಚಿದರೆ ಪುಡಿಯಾಗಿ ಬಂತು. ಹೊಸದು ಟೆಂಪೊದಲ್ಲಿ ಗೇಟಿನ ತನಕ ಬಂದು ನಿಂತಿತು. ಅಲ್ಲಿಂದ ಮುಂದೆ ಬರಲಿಲ್ಲ. ಸೆಕ್ರೆಟರಿ ಸಾಹೇಬರ ಹುಕುಂ ಇಲ್ಲದೆ ಒಳಗೆ ಬಿಡುವುದಿಲ್ಲ ಅಂತ ವಾಚ್‌ಮನ್ ಗೇಟು ಹಾಕಿದ್ದ.

ನಾನು ಕೆಳಗಿಳಿದು ಹೋದಾಗ ಈತ ಗೇಟಿನ ಒಳಗಡೆ ಛತ್ರಿ ಹಿಡಿದು ನಿಂತಿದ್ದ. ಯಾಕೆಂದರೆ ಅಷ್ಟರಲ್ಲಿ ಮಳೆ ಸುರುವಾಗಿತ್ತು. ಮುಲುಂಡಿನ ಮಳೆ, ಸುರಿಯಿತೆಂದರೆ ಎದುರಿಗಿದ್ದವರ ಮುಖ ಕಾಣುವುದಿಲ್ಲ.

"ಮ್ಯಾಲೆ ಗ್ವಾಡಿಗೆ ಕಿಂಡಿ ಬಿದ್ದದ ಸಾಹೇಬ್ರ, ಮನಿಯೊಳಗ ನೀರು ಹೊಡ್ಯಾಕತ್ತದ. ಗೇಟ್ ತಗೀಸ್ರಿ" ಅಂದೆ.

"ಹಳೇದನ್ನ ಮತ್ತ ಕೂಡಸಾಕ ಹೇಳ್ರಿ ತಂಗಿ."

"ಹಳೇದು ಪುಡಿ ಆಗೇದ."

"ಅದಕ್ಕ ಕೇಳಿ ಮಾಡಬೇಕಿತ್ತು."

ಅಂಗಲಾಚಿದೆ. ಹೌದು, ಈತನ ಮುಂದೆ ಕೈಮುಗಿದು ಅಂಗಲಾಚಿದೆ. ಬಗ್ಗಲಿಲ್ಲ. ಆಮೇಲೆ ನನ್ನ ಬಾಯಿಯಿಂದ ಏನೇನು ಬಂತೋ ಅದನ್ನು ಇಲ್ಲಿ ಬರೆಯಲಾರೆ. ಶಾಲೆಯಲ್ಲಿ ಮಕ್ಕಳು ಆಡಿದರೆ ಕಿವಿ ಹಿಂಡುತ್ತಿದ್ದಂಥ ಮಾತು. ಗದ್ದಲಕ್ಕೆ ಕೆಳಗಿನ ಮಾಳಿಗೆಯ ಉಡುಪಿಯವರು, ಹೋಟೆಲ್ ನಡೆಸುವವರ ಹೆಂಡತಿ, ಹೊರಗೆ ಬಂದರು. ಗೇಟಿನ ಕಡೆ ಒಮ್ಮೆ, ಹೊರಗೆ ನಿಂತ ಟೆಂಪೊದ ಕಡೆ ಒಮ್ಮೆ ನೋಡಿದರು. "ಈ ಮನುಷ್ಯನಿಗೆ ತಲೆ ಸಮ ಇಲ್ಲ ಮಾರಾಯ್ತಿ, ಇವರೊಟ್ಟಿಗೆ ಎಂತ ಮಾತು? ಟೆಂಪೊವನ್ನು ಹಿಂದಿನ ಗಲ್ಲಿಗೆ ತರ್ಲಿಕ್ಕೆ ಹೇಳಿ. ನಾನು ಹಗ್ಗ ತರ್ತೇನೆ" ಅಂದರು.

ಹಿಂದಿನ ಗಲ್ಲಿ ನಮ್ಮ ಬೆಡ್‌ರೂಮಿನ ಕೆಳಗೇ ಇದೆ, ನಡುವೆ ಒಂದು ಮೋಟು ಕಂಪೌಂಡು. ಬಿಲ್ಡಿಂಗಿನ ಹೆಂಗಸರು ಮನೆಮನೆಯ ತಾಡಪತ್ರಿ ಬಿಗಿಯುವ ಹಗ್ಗಗಳನ್ನೆಲ್ಲ ಬಿಚ್ಚಿ ತಂದು ಗಂಟು ಹಾಕಿದರು. ಮೇಲಿನ ಮಾಳಿಗೆಯ ಆ ಮರಾಠಿ ತಾಯಿ ಎಲ್ಲರಿಗಿಂತ ಮೊದಲು ಬಂದಿದ್ದಳು. ಕಿಂಡಿಯಲ್ಲಿ ನಿಂತು ನಾವು ಹೆಂಗಸರು ಎಳೆದೆವು, ಕೆಳಗಿನಿಂದ ಮಿಸ್ತ್ರಿ ಮತ್ತು ಟೆಂಪೊದವನು ಎತ್ತಿಕೊಟ್ಟರು. ಕಿಟಕಿ ಗೋಡೆಗೆ ಉಜ್ಜುತ್ತಾ, ತಿರುಗುತ್ತಾ, ತಾನು ಕೂಡಬೇಕಾದ ಕಿಂಡಿಯಿಂದಲೇ ಮನೆಯೊಳಗೆ ಬಂತು. ಈತ ಛತ್ರಿ ಹಿಡಿದು ಬಿಲ್ಡಿಂಗಿನ ಹಿಂದೆ ಬಂದು ನಿಂತು ನೋಡುತ್ತಿದ್ದ. ಸಂಜೆಗೆ ಮಿಸ್ತ್ರಿ ಅದನ್ನು ಕೂಡಿಸಿಕೊಟ್ಟು ಹೋದ.

ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು! ಕಿಟಕಿ ಕೂಡುವ ತನಕ ಮನೆಯೊಳಗೆ ಹೊಡೆದ ಮಳೆಗೆ ನೆಲ, ಹಾಸಿಗೆ, ಗೋಡೆ ಎಲ್ಲ ತೊಯ್ದಿತ್ತು. ಹಾಲಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರೂ ಇವರಿಗೆ ಜ್ವರ ಏರಿತು, ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಯಿಂದ ಮರಳಿ ಬರುವಾಗ ಇವರ ಜೊತೆಗೆ ಆಕ್ಸಿಜನ್ ಮಶೀನು ಬಂತು. ಈಗ ಹಗಲೂ ರಾತ್ರಿ ಅದು ಮನೆಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಮೂಗಿಗೆ ನಳಿಗೆ ಹಾಕಿಕೊಂಡು ಇವರು ಆ ಹೊಸ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂಡುತ್ತಾರೆ. "ಗಾಳಿ ಛಲೋ ಬರತದ" ಅನ್ನುತ್ತಾರೆ, ಅಷ್ಟಕ್ಕೇ ನಿಂತು ಉಸಿರು ತಗೊಳ್ಳುತ್ತಾರೆ. ಮೊದಲೇ ಗೋಡೆ ಒಣಗಿಸಿದ್ದರೆ ಈ ಎದೆ ಇಷ್ಟು ಕೆಡುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಹಾಗಾದರೆ ಇದನ್ನು ಯಾರ ಲೆಕ್ಕಕ್ಕೆ ಹಚ್ಚಲಿ?

ಆಸ್ಪತ್ರೆಯಿಂದ ಬಂದ ಮೇಲೆ ಈತ ಒಮ್ಮೆ ನೋಡಲು ಬಂದಿದ್ದ. ಬಾಗಿಲಲ್ಲೇ ತಡೆದು, "ಇಲ್ಲಿ ಬಡಿದು ನೋಡೂವಂಥಾದ್ದು ಏನೂ ಉಳದಿಲ್ರಿ" ಅಂದೆ. ಮೆಟ್ಟಿಲು ಇಳಿದು ಹೋದ. ಅದೇ ಕಡೆಯ ಮಾತು.

ಶೋಕಸಭೆಯಲ್ಲಿ ಆತನ ಪ್ರಾಮಾಣಿಕತೆಯನ್ನು ಬಾಯಿತುಂಬ ಹೊಗಳಿದರಂತೆ. ಬಿಲ್ಡರುಗಳಿಂದ ಒಂದು ಕಪ್ ಚಹಾ ಕುಡಿಯಲಿಲ್ಲವಂತೆ. ಅದು ಖರೆ, ನಾನೂ ಒಪ್ಪುತ್ತೇನೆ. ನೀರಿನ ಪಂಪು ಕೆಟ್ಟರೆ ತಾನೇ ಟ್ಯಾಂಕಿಗೆ ಇಳಿಯುತ್ತಿದ್ದನಂತೆ. ಅದೂ ಖರೆ. ಎಲ್ಲಕ್ಕಿಂತ ದೊಡ್ಡದು, ಮಂದಿಗೆ ಬೇಡ ಅಂದದ್ದನ್ನು ತಾನೂ ಮಾಡಿಸಲಿಲ್ಲ, ಆತನ ಮನೆಯ ಕಿಟಕಿ ಬಾಗಿಲುಗಳು ಎಲ್ಲರಿಗಿಂತ ಹೆಚ್ಚು ಕೊಳೆತಿವೆ ಅಂತ ಚೇರ್ಮನ್ನು ಹೇಳಿದರಂತೆ. ಆತ ಕಳ್ಳನಾಗಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಕಳ್ಳನಿಗೆ ನಾಲ್ಕು ಕಾಸು ಬಿಸಾಕಿದರೆ ಕಿಟಕಿ ಬಿಡುತ್ತಿದ್ದ. ಇಂಥ ಶುದ್ಧ ಮನುಷ್ಯನ ಕೈಯಿಂದ ಬಿಡಿಸಿಕೊಳ್ಳುವುದು ಹೇಗೆ?

ಮೊನ್ನೆ ಆತನ ಹೆಂಡತಿ ನಮ್ಮ ಮನೆಗೆ ಬಂದರು. ಇಷ್ಟು ವರ್ಷ ಒಂದೇ ಬಿಲ್ಡಿಂಗಿನಲ್ಲಿದ್ದರೂ ಆಕೆಯ ಜೊತೆ ನನ್ನದು ಮೆಟ್ಟಿಲ ಮೇಲಿನ ನಗೆಯಷ್ಟೇ. ಮಾತು ಕಡಿಮೆಯ ಹೆಂಗಸು, ಯಾವಾಗಲೂ ಸೆರಗು ಬಾಯಿಯ ಹತ್ತಿರ ಹಿಡಿದಿರುವವರು. ಸಂಕೋಚದ ಸ್ವಭಾವ ಅಂತ ನಾವೆಲ್ಲ ತಿಳಿದಿದ್ದೆವು. ಕೂತುಕೊಳ್ಳಿ ಅಂದೆ. ಕೂತರು.

"ನಿಮ್ಮ ಖಿಡಕಿ ಮಾಡಿದ ಮಿಸ್ತ್ರಿನ ನಮ್ಮ ಮನಿಗೆ ಕಳಸತೀರೇನ್ರಿ? ಇನ್ನ ಬ್ಯಾಡನ್ನವರು ಯಾರೂ ಇಲ್ಲ" ಅಂದರು.

ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡರು. ಮೈಯೆಲ್ಲ ಕುಲುಕುತ್ತಿತ್ತು, ಸಪ್ಪಳ ಮಾತ್ರ ಹೊರಗೆ ಬರಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ನನ್ನ ಗಂಡ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಆ ಕೆಮ್ಮು ಎಂಥದು ಅಂತ ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

"ಎಷ್ಟು ದಿನದಿಂದ್ರಿ?" ಅಂದೆ.

"ನಮ್ಮ ಮಗಳ ಲಗ್ನಕ್ಕಿಂತ ಮೊದಲಿಂದ. ಮಳಿಗಾಲದಾಗ ಭಾಳ."

"ನಮಗ ಒಂದು ದಿನಾನೂ ಕೇಳಿಸಿಲ್ಲಲ್ರೀ!"

ಆಕೆ ಸೆರಗನ್ನು ಮಡಿಲಲ್ಲಿ ಹರಡಿ ಸರಿಮಾಡುತ್ತಾ ಹೇಳಿದರು: "ಸೆಕ್ರೆಟರಿ ಹೇಣ್ತಿನೇ ಕೆಮ್ಮಾಕತ್ತಾಳ ಅಂತ ಗೊತ್ತಾದ್ರ ನಾಳೆ ಮಂದಿ ಎಲ್ಲಾ ಖಿಡಕಿ ಕೇಳಾಕ ಬರತಾರ ಅಂತಿದ್ರು. ಕೆಮ್ಮು ಬಂದ್ರ ಬಚ್ಚಲಕ್ಕ ಹೋಗಿ, ನಳ ಬಿಟ್ಟು ಕೆಮ್ಮು ಅಂತ ಹೇಳಿದ್ರು. ಹಂಗ ಮಾಡಿ ಮಾಡಿ ಈಗ ಜೋರಾಗಿ ಕೆಮ್ಮಾಕ ಬರೂದ ಇಲ್ಲ ನೋಡ್ರಿ."

ಆತನನ್ನು ಬೈಯಬೇಕೆಂದರೆ ಆಕೆಯ ಹಣೆ ಬರಿದಾಗಿತ್ತು. ನನ್ನ ಗಂಡ ಮೂಗಿನ ನಳಿಗೆಯನ್ನು ಸರಿಸಿಕೊಂಡು, ಗೋಡೆ ಹಿಡಿದು, ನಿಧಾನಕ್ಕೆ ಎದ್ದರು. ಕಿಟಕಿಯ ಹತ್ತಿರದ ತಮ್ಮ ಕುರ್ಚಿಯನ್ನು ಆಕೆಯ ಕಡೆ ತಿರುಗಿಸಿದರು.

"ಇಲ್ಲಿ ಬರ್ರಿ ಅಕ್ಕಾರ" ಅಂದರು. ನಿಂತು ಉಸಿರು ತಗೊಂಡು, "ಇಲ್ಲಿ ಕೂತು ಕೆಮ್ಮರಿ" ಅಂದರು.

ಆಕೆ ಹೋಗಿ ಕೂತರು. ನಾನು ಕಿಟಕಿಯ ಗಾಜು ಪೂರ್ತಿ ಸರಿಸಿದೆ. ಮೊದಲು ಸೆರಗಿಗೆ ಕೈ ಹೋಯಿತು, ನಾನು ಆ ಕೈ ಹಿಡಿದುಕೊಂಡೆ. ಆಮೇಲೆ ಕೆಳಗೆ ಗಲ್ಲಿಯವರು ತಲೆಯೆತ್ತಿ ನೋಡುವಷ್ಟು ಜೋರಾಗಿ ಆಕೆ ಕೆಮ್ಮಿದರು.